ಚಿಕ್ಕಪ್ಪನ ಸೀಕೋ ಡೈವರ್ ವಾಚು: ಪಾಲಿಶ್ ಮಾಡಿಸಲೋ, ಹಾಗೆಯೇ ಬಿಡಲೋ?

ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ತೀರಿಕೊಂಡು ಎರಡು ವರ್ಷವಾಯಿತು. ಮಳೆ ಹಿಡಿಯುವ ಮೊದಲು ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕು ಸಿಕ್ಕಿತು. ಒಳಗೆ ಹಳೆಯ ಪಾಸ್‌ಪೋರ್ಟು, ಮಸ್ಕತ್‌ನಿಂದ ಬರೆದ ಕಾಗದಗಳ ಕಟ್ಟು, ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಬಟ್ಟೆ ಸುತ್ತಿದ ಅವರ ವಾಚು.

ಅವರು 1980ರ ದಶಕದ ಮೊದಲ ವರ್ಷಗಳಲ್ಲಿ ಮಸ್ಕತ್‌ನಲ್ಲಿ ಲಾರಿ ಓಡಿಸುತ್ತಿದ್ದರು. ಊರಿಗೆ ಮರಳಿದಾಗ ಕೈಯಲ್ಲಿ ಈ ಸೀಕೋ ಇತ್ತು, ನೀರಿನಾಳಕ್ಕೆ ಇಳಿಯುವವರಿಗೆಂದು ಜಪಾನಿನ ಕಂಪನಿ ಮಾಡಿದ ಡೈವರ್ ವಾಚು. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಸಮುದ್ರ ನೋಡಲಿಲ್ಲ, ನಮ್ಮ ತೋಟ ನೋಡಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ದಿನವೂ ಅದು ಕೈಯಲ್ಲೇ, ಆಷಾಢದಲ್ಲಿ ಹಳ್ಳ ದಾಟುವಾಗಲೂ ಕೈಯಲ್ಲೇ. ಅಡಿಕೆ ಹಂಡೆಗೆ ಬಿದ್ದ ಕೂಡಲೇ ಅವರು ವಾಚಿನ ಗಾಜಿನ ಸುತ್ತ ಇರುವ ಬಳೆಯನ್ನು ಕಿರ್ರ್ ಎಂದು ತಿರುಗಿಸಿ, ಅದರ ಚುಕ್ಕೆಯನ್ನು ನಿಮಿಷದ ಮುಳ್ಳಿನ ಎದುರಿಗೆ ತಂದು ನಿಲ್ಲಿಸುತ್ತಿದ್ದರು. ಆಮೇಲೆ ಯಾರೊಡನೆ ಎಷ್ಟು ಮಾತಾಡಿದರೂ ಹಂಡೆ ಇಳಿಸುವ ಹೊತ್ತು ತಪ್ಪುತ್ತಿರಲಿಲ್ಲ.

ನನಗೆ ಐದಾರು ವರ್ಷವಿದ್ದಾಗ ರಾತ್ರಿ ಕರೆಂಟು ಹೋದರೆ ಚಿಕ್ಕಪ್ಪನ ಕಂಬಳಿಯೊಳಗೆ ನುಗ್ಗುತ್ತಿದ್ದೆ. ಅವರು ಟಾರ್ಚನ್ನು ವಾಚಿನ ಮೇಲೆ ಒಂದು ನಿಮಿಷ ಹಿಡಿದು, ಆರಿಸಿ, ಕಂಬಳಿಯನ್ನು ತಲೆಯ ಮೇಲೆ ಎಳೆಯುತ್ತಿದ್ದರು. ಹಸಿರು ಚುಕ್ಕೆಗಳ ಒಂದು ಬಳೆ ಕತ್ತಲಲ್ಲಿ ತೇಲುತ್ತಿತ್ತು. ಅದಕ್ಕಿಂತ ಚೆಂದದ್ದನ್ನು ಆ ವಯಸ್ಸಿನಲ್ಲಿ ನಾನು ನೋಡಿರಲಿಲ್ಲ.

ಈಗಿನ ಸ್ಥಿತಿ ಹೀಗಿದೆ. ಬಳೆಯ ಕಪ್ಪು ಬಣ್ಣ ಮಾಸಿ ಬೂದಿಯಾಗಿದೆ. ಡಯಲ್‌ನ ಚುಕ್ಕೆಗಳು ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿವೆ, ಆರು ಗಂಟೆಯ ಪಟ್ಟಿಯ ಅಂಚು ಕಪ್ಪಾಗಿದೆ. ವಾರದ ಹೆಸರು ಒಂದು ಸುತ್ತು ಇಂಗ್ಲಿಷಿನಲ್ಲಿ, ಒಂದು ಸುತ್ತು ಅರಬ್ಬಿಯಲ್ಲಿ. ಅಲ್ಲಾಡಿಸಿದರೆ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಕೀ ಕೊಟ್ಟರೆ ಏನೂ ಆಗುವುದಿಲ್ಲ, ಸುಮ್ಮನೆ ತಿರುಗುತ್ತದೆ. ಪೇಟೆಯ ಒಂದು ಅಂಗಡಿಯವರು, "ಕೇಸ್ ಪಾಲಿಶ್ ಮಾಡಿ, ಡಯಲ್‌ಗೆ ಹೊಸ ಬಣ್ಣ ಹಾಕಿ, ಹೊಸದರಂತೆ ಮಾಡಿ ಕೊಡುತ್ತೇನೆ" ಎಂದರು. ಒಪ್ಪಲು ಮನಸ್ಸಾಗಲಿಲ್ಲ. ಏಕೆ ಆಗಲಿಲ್ಲ ಎಂದು ಹೇಳಲೂ ತಿಳಿಯಲಿಲ್ಲ. ಬಲ್ಲವರು ಹೇಳಬೇಕು.

ದುರ್ಗಿಗುಡಿ ಸಂಗ್ರಹ, ಶಿವಮೊಗ್ಗ

ಮೊದಲ ಮಾತು: ಆ ಅಂಗಡಿಗೆ ಕೊಡಬೇಡಿ. ಎರಡನೆಯ ಮಾತು: ವಾಚಿನ ಬೆನ್ನಿನ ಮೇಲೆ ಅಲೆಯ ಚಿತ್ರದ ಸುತ್ತ ಅಂಕಿಗಳಿರುತ್ತವೆ, ಅವನ್ನು ಬರೆದು ತಿಳಿಸಿ. ಕ್ರಮಸಂಖ್ಯೆ ಪೂರ್ತಿ ಬೇಡ, ಮೊದಲ ಎರಡು ಅಂಕಿ ಸಾಕು.

ತೋಟದಮನೆ, ತೀರ್ಥಹಳ್ಳಿ

6309-7040. ಕ್ರಮಸಂಖ್ಯೆ 23ರಿಂದ ಶುರುವಾಗುತ್ತದೆ.

ದುರ್ಗಿಗುಡಿ ಸಂಗ್ರಹ, ಶಿವಮೊಗ್ಗ

ಹಾಗಾದರೆ ನಿಮ್ಮ ಚಿಕ್ಕಪ್ಪನ ವಾಚಿನ ಜನ್ಮತಿಂಗಳು 1982ರ ಮಾರ್ಚ್. ಆ ಕಾಲದ ಸೀಕೋ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಈ ಮಾದರಿ ತಯಾರಾದದ್ದು 1976ರಿಂದ 1988ರವರೆಗೆ. ಆ ಅವಧಿಯಲ್ಲಿ 2ರಿಂದ ಕೊನೆಗೊಳ್ಳುವ ವರ್ಷ ಒಂದೇ. 6, 7, 8 ಬಂದಿದ್ದರೆ ಹಿಂದಿನದೋ ಮುಂದಿನದೋ ಎಂಬ ಗೊಂದಲವಿರುತ್ತಿತ್ತು, ನಿಮಗೆ ಅದೂ ಇಲ್ಲ. ಮಸ್ಕತ್‌ನ ಕಥೆಗೂ ಅರಬ್ಬಿ ವಾರಕ್ಕೂ ವರ್ಷಕ್ಕೂ ತಾಳೆಯಾಗುತ್ತದೆ. ಹಳೆಯ ವಾಚು ಸಂಗ್ರಹಿಸುವವರು ಹುಡುಕುವುದು ಇದನ್ನೇ, ವಸ್ತು ಹೇಳುವ ಮಾತೂ ಮನೆಯವರು ಹೇಳುವ ಮಾತೂ ಒಂದಾಗುವುದನ್ನು.

ಪಾಲಿಶ್ ಏಕೆ ಬೇಡ ಎಂದು ಕೇಳಿದಿರಿ. ವಾಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕೇಸ್‌ನ ಮೇಲ್ಭಾಗದಲ್ಲಿ ಕೂದಲೆಳೆಯಂಥ ಗೆರೆಗಳಿರುವ, ಹೊಳಪಿಲ್ಲದ ಮೈ. ಪಕ್ಕಗಳಲ್ಲಿ ಕನ್ನಡಿಯಂಥ ಹೊಳಪು. ಎರಡೂ ಸೇರುವಲ್ಲಿ ಒಂದು ಅಂಚು. ದಿಂಬಿನಂತೆ ಉಬ್ಬಿದ ಆ ದೊಡ್ಡ ಕೇಸ್‌ಗೆ ರೂಪ ಕೊಡುವುದೇ ಆ ಅಂಚು. ತಿರುಗುವ ಚಕ್ರಕ್ಕೆ ಒಮ್ಮೆ ಒತ್ತಿದರೆ ಅದು ಕರಗಿಹೋಗುತ್ತದೆ, ವಾಚು ನೆಕ್ಕಿದ ಸಾಬೂನಿನಂತೆ ಕಾಣುತ್ತದೆ. ಹೋದ ಲೋಹವನ್ನು ಮರಳಿ ತರುವ ಉಪಾಯವಿಲ್ಲ.

ಡಯಲ್‌ಗೆ ಬಣ್ಣ ಹಾಕಿಸುವುದು ಅದಕ್ಕಿಂತ ದೊಡ್ಡ ನಷ್ಟ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ನಾನು ಮೊದಲು ಕೊಂಡ ಡೈವರ್ ವಾಚನ್ನು, ಅದೂ ಇದೇ 6309, ಹದಿನೈದು ವರ್ಷದ ಹಿಂದೆ ಒಬ್ಬರಿಗೆ ಎಣ್ಣೆ ಹಾಕಲು ಕೊಟ್ಟಿದ್ದೆ. ಮರಳಿ ಬಂದಾಗ ಡಯಲ್ ಮಿರಿಮಿರಿ ಮಿಂಚುತ್ತಿತ್ತು. ಮನೆಗೆ ಬಂದು ಭೂತಗನ್ನಡಿಯಲ್ಲಿ ನೋಡಿದೆ. ಅಕ್ಷರಗಳ ಅಂಚು ಹರಡಿತ್ತು, ಎಷ್ಟು ಮೀಟರ್ ಆಳ ತಾಳುತ್ತದೆಂದು ಹೇಳುವ "150" ಎಂಬಲ್ಲಿ 5 ಬಲಕ್ಕೆ ವಾಲಿತ್ತು, ಚುಕ್ಕೆಗಳು ಒಂದೊಂದು ಒಂದೊಂದು ಗಾತ್ರ. ಕೇಳದೆಯೇ ಬಣ್ಣ ಹೊಡೆಸಿದ್ದರು. ಒಳ್ಳೆಯದು ಮಾಡಿದೆನೆಂದೇ ಅವರು ನಂಬಿದ್ದರು, ಜಗಳವಾಡಲೂ ಆಗಲಿಲ್ಲ. ಆ ವಾಚು ಈಗಲೂ ನನ್ನಲ್ಲಿದೆ, ಕಟ್ಟಲು ಮಾತ್ರ ಕೈ ಬರುವುದಿಲ್ಲ.

ನಿಮ್ಮದರ ಅಸಲಿತನಕ್ಕೆ ಸಾಕ್ಷಿ ನೀವೇ ಬರೆದ ಆ ಜೋನಿ ಬೆಲ್ಲದ ಬಣ್ಣ. ಮುಳ್ಳುಗಳ ಮೇಲಿನ ಲೇಪವೂ ಅದೇ ಬಣ್ಣಕ್ಕೆ ತಿರುಗಿದೆಯೇ ನೋಡಿ. ಡಯಲ್ ಹಳದಿಯಾಗಿ ಮುಳ್ಳು ಮಾತ್ರ ಬೆಳ್ಳಗಿದ್ದರೆ ಯಾರೋ ಮುಳ್ಳು ಬದಲಿಸಿದ್ದಾರೆ ಎಂದರ್ಥ.

ತೋಟದಮನೆ, ತೀರ್ಥಹಳ್ಳಿ

ನೋಡಿದೆ. ಗಂಟೆ, ನಿಮಿಷ ಎರಡೂ ಮುಳ್ಳು ಅದೇ ಬಣ್ಣ. ಸೆಕೆಂಡಿನ ಮುಳ್ಳಿನ ಚುಕ್ಕೆ ತುಸು ತಿಳಿ.

ಸಾಗರದ ನಿವೃತ್ತ ಮೇಷ್ಟ್ರು

ಸಂಗ್ರಹದವರ ಮಾತಿಗೆ ಗೌರವವಿದೆ, ಆದರೆ ಪೂರ್ತಿ ಒಪ್ಪಲಾರೆ. ನಮ್ಮ ತಂದೆಯವರ ಎಚ್‌ಎಂಟಿ ಜನತಾ ನಲವತ್ತು ವರ್ಷ ದುಡಿಯಿತು. ಕೊನೆಯ ವರ್ಷಗಳಲ್ಲಿ ಅವರ ಕಣ್ಣು ಮಂಜಾಗಿತ್ತು, ಡಯಲ್ ಕೂಡ ಕಂದಿತ್ತು. "ಗಂಟೆ ಕಾಣುವುದಿಲ್ಲ ಮಗನೇ" ಎಂದರು. ನಾನೇ ಒಯ್ದು ಬಿಳಿ ಬಣ್ಣ ಹಾಕಿಸಿ, ಕಪ್ಪು ಅಂಕಿ ಬರೆಸಿದೆ. ಅವರು ಮತ್ತೆ ನಾಲ್ಕು ವರ್ಷ ಅದನ್ನೇ ನೋಡಿ ಮಾತ್ರೆ ನುಂಗಿದರು. ಸಂಗ್ರಾಹಕರ ಕಣ್ಣಿಗೆ ಆ ವಾಚು ಕೆಟ್ಟಿತು. ನನ್ನ ಕಣ್ಣಿಗೆ ಕೆಟ್ಟಿಲ್ಲ.

ಇನ್ನೊಂದು ಪ್ರಶ್ನೆ. ಬೆಂಗಳೂರಿನಲ್ಲಿ ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ವಾಚು ತಯಾರಿಸಲು ಶುರುಮಾಡಿದ ಮೇಲೆ ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ಆ ವಾಚು ಇತ್ತು. ಮದುವೆಗೆ ಅದು, ನೌಕರಿ ಸಿಕ್ಕರೆ ಅದು. ಹೀಗಿರುವಾಗ ಸಮುದ್ರವೇ ಇಲ್ಲದ ಮಲೆನಾಡಿನವರಿಗೆ ಡೈವರ್ ವಾಚಿನ ಮೇಲೆ ಇಷ್ಟು ಪ್ರೀತಿ ಏಕೆ? ನಿಜವಾಗಿ ತಿಳಿಯಲು ಕೇಳುತ್ತಿದ್ದೇನೆ. ಹಾಗೆಯೇ ನನ್ನಲ್ಲಿ ಮಾವನವರು ಕೊಟ್ಟ ಫಾವ್ರ್ ಲ್ಯೂಬಾ ಸೀ ಚೀಫ್ ಇದೆ. ಹೆಸರಿನಲ್ಲಿ ಸಮುದ್ರವಿದೆಯಲ್ಲ, ಅದೂ ಈ ಜಾತಿಯದೇ?

ದುರ್ಗಿಗುಡಿ ಸಂಗ್ರಹ, ಶಿವಮೊಗ್ಗ

ಮೇಷ್ಟ್ರೇ, ತಂದೆಯವರ ವಾಚಿನ ವಿಷಯದಲ್ಲಿ ನೀವು ಮಾಡಿದ್ದು ಸರಿ. ಅದನ್ನು ಕಟ್ಟುವವರೇ ಕೇಳಿದ್ದರು. ನಾನು ಆಕ್ಷೇಪಿಸುವುದು ಯಾರೂ ಕೇಳದೆ ಹೊಡೆಯುವ ಬಣ್ಣವನ್ನು.

ಸೀ ಚೀಫ್ ಕೀ ಕೊಡುವ ಸೊಗಸಾದ ವಾಚು, ಡೈವರ್ ಅಲ್ಲ. ನೀರಿನಿಂದ ದೂರವಿಡಿ. ಅದೇ ಕಂಪನಿ 1960ರ ದಶಕದಲ್ಲಿ ಡೀಪ್ ಬ್ಲೂ ಎಂಬ ನಿಜವಾದ ಡೈವರ್ ತಂದಿತ್ತು. ಬ್ಯಾಥಿ ಎಂಬ ಇನ್ನೊಂದರಲ್ಲಿ ನೀರಿನ ಒತ್ತಡದಿಂದಲೇ ಮುಳ್ಳು ಸರಿದು ಎಷ್ಟು ಆಳದಲ್ಲಿದ್ದೀರಿ ಎಂದು ತೋರಿಸುತ್ತಿತ್ತು. ಅವೆರಡನ್ನೂ ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ.

ನೇತ್ರಾಣಿ ಈಜು (ಮೂಲ ಹೊಸನಗರ, ಈಗ ಮುರುಡೇಶ್ವರ)

ಮೇಷ್ಟ್ರ ಪ್ರಶ್ನೆಗೆ ನಾನು ಉತ್ತರಿಸಬಹುದು. ಹುಟ್ಟಿದ್ದು ಘಟ್ಟದ ಮೇಲೆ, ಅನ್ನ ದುಡಿಯುವುದು ಘಟ್ಟದ ಕೆಳಗೆ. ನೇತ್ರಾಣಿ ದ್ವೀಪದ ಬಳಿ ಜನರನ್ನು ಸ್ಕೂಬಾ ಡೈವಿಂಗ್‌ಗೆ ಇಳಿಸುವ ಕೆಲಸ.

ಮೊದಲು ಇದರ ಹುಟ್ಟು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಪದ್ಧತಿ ಬಂದ ಮೇಲೆ, ಎಷ್ಟು ಹೊತ್ತು ಕೆಳಗಿದ್ದೇನೆ ಎಂಬ ಲೆಕ್ಕವೇ ಪ್ರಾಣದ ಲೆಕ್ಕವಾಯಿತು. ಗಾಳಿ ಮುಗಿಯುವುದು ಒಂದು ಭಯ. ಹೆಚ್ಚು ಹೊತ್ತು ಆಳದಲ್ಲಿದ್ದು ಸರ್ರನೆ ಮೇಲೆ ಬಂದರೆ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುವುದು ಇನ್ನೊಂದು. ಫ್ರೆಂಚ್ ನೌಕಾಪಡೆಯ ಮುಳುಗುಪಡೆಯನ್ನು ಕಟ್ಟಿದ ರೋಬೆರ್ ಮಾಲುಬಿಯೆ ಮತ್ತು ಕ್ಲೋಡ್ ರಿಫೋ ತಮಗೆ ಬೇಕಾದ ವಾಚು ಹೇಗಿರಬೇಕೆಂದು ಬರೆದುಕೊಂಡು ತಯಾರಕರನ್ನು ಹುಡುಕಿ ಹೊರಟರು. ಕಪ್ಪು ಡಯಲ್, ದೊಡ್ಡ ಗುರುತು, ಕತ್ತಲಲ್ಲಿ ಹೊಳೆಯುವ ಮುಳ್ಳು, ಸುತ್ತ ತಿರುಗುವ ಬಳೆ. ಬ್ಲಾಂಕ್‌ಪ್ಯಾನ್ ಕಂಪನಿ 1953ರಲ್ಲಿ ಮಾಡಿದ ಫಿಫ್ಟಿ ಫ್ಯಾದಮ್ಸ್ ಅವರ ಕೈ ಸೇರಿತು. ಐವತ್ತು ಫ್ಯಾದಮ್ ಎಂದರೆ ಸುಮಾರು 91 ಮೀಟರ್. ರೋಲೆಕ್ಸ್ ಸಬ್‌ಮರೀನರ್ ಕೂಡ ಅದೇ ಹೊತ್ತಿನದು. ಜಪಾನಿನ ಮೊದಲ ಡೈವರ್ 1965ರ ಸೀಕೋ, 150 ಮೀಟರಿನದು.

ಬಳೆಯ ಕೆಲಸವನ್ನು ತೋಟದಮನೆಯವರ ಚಿಕ್ಕಪ್ಪ ನನಗಿಂತ ಚೆನ್ನಾಗಿ ತಿಳಿದಿದ್ದರು. ನೀರಿಗೆ ಇಳಿಯುವಾಗ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಸೇರಿಸಿಬಿಟ್ಟರೆ ಆಮೇಲೆ ಕೂಡುವ ಕಳೆಯುವ ಕೆಲಸವಿಲ್ಲ, ಮುಳ್ಳಿನ ಎದುರಿನ ಅಂಕಿಯೇ ಕಳೆದ ಹೊತ್ತು. ಮೂವತ್ತು ಮೀಟರ್ ಆಳದಲ್ಲಿ ತಲೆ ತುಸು ಮಂದವಾಗುತ್ತದೆ, ಅಲ್ಲಿ ಲೆಕ್ಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಒಳ್ಳೆಯ ಡೈವರ್‌ನಲ್ಲಿ ಬಳೆ ಅಪ್ರದಕ್ಷಿಣವಾಗಿ ಮಾತ್ರ ತಿರುಗುತ್ತದೆ. ಬಂಡೆಗೋ ಹಗ್ಗಕ್ಕೋ ತಾಗಿ ಬಳೆ ಸರಿದುಹೋಯಿತೆನ್ನಿ. ಆಗ ವಾಚು ನಿಜಕ್ಕಿಂತ ಹೆಚ್ಚು ಹೊತ್ತು ತೋರಿಸುತ್ತದೆ, ನೀವು ಬೇಗ ಮೇಲೆ ಬರುತ್ತೀರಿ. ತಪ್ಪಾದರೂ ಬದುಕಿನ ಕಡೆಗೇ ತಪ್ಪಾಗಲಿ ಎಂದು ಯಾರೋ ಕುಳಿತು ಯೋಚಿಸಿದ್ದಾರೆ. ನಿಮ್ಮ 6309ರಲ್ಲಿ ಬಳೆ ಎರಡೂ ಕಡೆ ತಿರುಗುತ್ತದೆ, ಆ ವಿಷಯದಲ್ಲಿ ಅದು ಹಳೆಯ ಕಾಲದ್ದು.

150 ಮೀಟರ್ ಎಂದರೆ ಎಷ್ಟು? ಜೋಗದಲ್ಲಿ ರಾಜಾ ಬೀಳುವ ಎತ್ತರ 253 ಮೀಟರ್. ಅದರ ಅರ್ಧಕ್ಕಿಂತಲೂ ಎತ್ತರದ ನೀರಿನ ಕಂಬವೊಂದು ಆ ಪುಟ್ಟ ಗಾಜಿನ ಮೇಲೆ ನಿಂತಿದೆ ಎಂದುಕೊಳ್ಳಿ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಅದನ್ನು ತಡೆಯುವುದು ಒಂದೆರಡು ರಬ್ಬರ್ ಉಂಗುರ ಮತ್ತು ತಿರುಗಿಸಿ ಬಿಗಿಯುವ ಕೀ. ಆ ಕೀ ನಾಲ್ಕು ಗಂಟೆಯ ಹತ್ತಿರವಿರುವುದು ಕೈ ಮಡಚಿದಾಗ ಮಣಿಕಟ್ಟಿಗೆ ಒತ್ತದಿರಲಿ ಎಂದು.

ನನಗೆ ತೀರಾ ಇಷ್ಟದ ಕಥೆ ಇನ್ನೊಂದಿದೆ. 1968ರಲ್ಲಿ ಹಿರೋಷಿಮಾ ಪ್ರಾಂತದ ಕುರೆ ಊರಿನ ಒಬ್ಬ ಮುಳುಗುತಜ್ಞ, ಮುನ್ನೂರು ಮೀಟರಿಗೂ ಕೆಳಗಿನ ಕೆಲಸಕ್ಕೆ ಯಾವ ವಾಚೂ ತಾಳುತ್ತಿಲ್ಲ ಎಂದು ಸೀಕೋ ಕಂಪನಿಗೆ ಕಾಗದ ಬರೆದ. ಅಷ್ಟು ಆಳದಲ್ಲಿ ದುಡಿಯುವವರು ಹೀಲಿಯಂ ಬೆರೆಸಿದ ಗಾಳಿ ತುಂಬಿದ ಕೋಣೆಯಲ್ಲಿ ದಿನಗಟ್ಟಲೆ ಇರುತ್ತಾರೆ. ಹೀಲಿಯಂ ಅತಿ ಸಣ್ಣ ಅಣು, ವಾಚಿನೊಳಗೆ ನುಸುಳುತ್ತದೆ. ಮೇಲೆ ಬರುವಾಗ ಹೊರಗಿನ ಒತ್ತಡ ಇಳಿದು, ಒಳಗಿನ ಅನಿಲ ಗಾಜನ್ನೇ ಕಿತ್ತೆಸೆಯುತ್ತದೆ. ಸ್ವಿಸ್ ಕಂಪನಿಗಳು ಅನಿಲ ಹೊರಬಿಡುವ ಕವಾಟ ಇಟ್ಟವು. ಸೀಕೋದವರು ಏಳು ವರ್ಷ ಕುಳಿತು, ಹೀಲಿಯಂ ಒಳಗೇ ಹೋಗದಂತೆ ಟೈಟಾನಿಯಂನ ಒಂದೇ ತುಂಡಿನ ಕೇಸ್ ಮಾಡಿ 1975ರಲ್ಲಿ ಹೊರತಂದರು. ಜೊತೆಗೆ ಹಾರ್ಮೋನಿಯಂ ತಿದಿಯಂತೆ ಮಡಿಕೆಯಿರುವ ರಬ್ಬರ್ ಪಟ್ಟಿ. ಆಳಕ್ಕೆ ಹೋದಂತೆ ಮೈಯ ಮೇಲಿನ ರಬ್ಬರ್ ಉಡುಪು ಒತ್ತಡಕ್ಕೆ ತೆಳುವಾಗುತ್ತದೆ, ವಾಚು ಸಡಿಲವಾಗುತ್ತದೆ. ಹಿಗ್ಗಿದ್ದ ಮಡಿಕೆ ಆಗ ಕುಗ್ಗಿ ಮತ್ತೆ ಬಿಗಿಯುತ್ತದೆ. ಒಂದು ಕಾಗದಕ್ಕೆ ಸಿಕ್ಕ ಉತ್ತರ ಅದು.

ಪ್ರೀತಿ ಏಕೆ ಎಂದರೆ ಇದಕ್ಕೇ, ಮೇಷ್ಟ್ರೇ. ಈ ವಾಚಿನಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಒಂದೂ ಇಲ್ಲ. ನಮ್ಮ ಕಡೆಯ ಅಡಿಕೆ ಕೊನೆ ಕೊಯ್ಯುವ ಕತ್ತಿಯ ಹಾಗೆ. ಆ ಬಾಗು ಚೆಂದಕ್ಕೆ ಬಂದದ್ದಲ್ಲ, ಚೆಂದವೂ ಆಗಿದೆ. ಸಮುದ್ರ ಕಾಣದಿದ್ದರೇನು, ವರ್ಷದಲ್ಲಿ ಐದು ತಿಂಗಳು ನೀರಿನಲ್ಲೇ ಬದುಕುವವರಲ್ಲವೇ ನಾವು?

ಈಗ ನೀರಿಗೆ ಇಳಿಯುವಾಗ ಕೈಯಲ್ಲಿ ಡೈವ್ ಕಂಪ್ಯೂಟರ್ ಇರುತ್ತದೆ, ಅದನ್ನೇ ನಂಬುತ್ತೇನೆ. ತೋಟದಮನೆಯವರು ದಯವಿಟ್ಟು ಆ ವಾಚನ್ನು ನದಿಗೂ ಇಳಿಸಬೇಡಿ. ಡಯಲ್ ಮೇಲಿನ 150 ಮೀಟರ್ 1982ರ ಮಾತು.

ರಿಪೇರಿ ಮನೆ, ಭದ್ರಾವತಿ

ನಮ್ಮ ತಂದೆ ವಾಚು ರಿಪೇರಿ ಮಾಡಿಯೇ ನಾಲ್ಕು ಜನ ಮಕ್ಕಳನ್ನು ಓದಿಸಿದರು. ಈಗ ಅದೇ ಮೇಜಿನ ಮುಂದೆ ನಾನು ಕೂರುತ್ತೇನೆ. ಕೆಲವು ಮಾತು ಹೇಳಬೇಕು.

ಅಣ್ಣ, ಕೀ ಕೆಟ್ಟಿಲ್ಲ. 6309ಕ್ಕೆ ಕೈಯಿಂದ ಕೀ ಕೊಡುವ ವ್ಯವಸ್ಥೆಯೇ ಇಲ್ಲ. ಒಳಗೆ ಅರ್ಧಚಂದ್ರದಂಥ ಭಾರದ ತುಂಡು ತೂಗುತ್ತದೆ, ಅದು ಯಾವ ಕಡೆ ತಿರುಗಿದರೂ ಎರಡು ಕೊಕ್ಕಿನ ಸನ್ನೆಯೊಂದು ಸ್ಪ್ರಿಂಗ್ ಸುತ್ತುತ್ತದೆ. ಕೀ ಎಳೆದರೆ ಸೆಕೆಂಡಿನ ಮುಳ್ಳೂ ನಿಲ್ಲುವುದಿಲ್ಲ, ಅದೂ ದೋಷವಲ್ಲ. ಹತ್ತು ನಿಮಿಷಕ್ಕೆ ನಿಲ್ಲುವುದಕ್ಕೆ ಒಣಗಿ ಅಂಟಾದ ಎಣ್ಣೆ ಕಾರಣವಿರಬಹುದು. ಹಾಗಾಗಿ ಅಲ್ಲಾಡಿಸಿ ಓಡಿಸುವುದನ್ನು ಇಂದೇ ನಿಲ್ಲಿಸಿ. ಎಣ್ಣೆಯಿಲ್ಲದೆ ಓಡಿದಷ್ಟೂ ಲೋಹ ಲೋಹವನ್ನು ತಿನ್ನುತ್ತದೆ.

ಆರು ಗಂಟೆಯ ಬಳಿಯ ಕಪ್ಪು ಅಂಚು ನನಗೆ ಚಿಂತೆ. ತೇವ ಒಳಗೆ ಹೋಗಿದೆ. ನಮ್ಮ ಗಾಳಿಯಲ್ಲಿ ಪುಸ್ತಕ, ಚರ್ಮ, ಹಾರ್ಮೋನಿಯಂ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ವಾಚಿನ ಲೇಪವೂ ಹಾಗೆಯೇ ಕಪ್ಪಾಗಿ ಪುಡಿಯಾಗುತ್ತದೆ. ಪುಡಿ ಯಂತ್ರಕ್ಕೆ ಬಿದ್ದರೆ ಕೆಲಸ ಕೆಡುತ್ತದೆ. ಆದರೂ ಮಳೆಗಾಲದಲ್ಲಿ ಬೆನ್ನು ತೆಗೆಸಬೇಡಿ, ತೆಗೆದರೆ ಆಗುಂಬೆಯ ಗಾಳಿಯನ್ನೇ ಒಳಗಿಟ್ಟು ಮುಚ್ಚಿದಂತೆ. ನಮ್ಮ ತಂದೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರಾ ಅಗತ್ಯವಿದ್ದರೆ ಮಾತ್ರ, ಮೇಜಿನ ದೀಪವನ್ನು ಒಂದು ಗಂಟೆ ಉರಿಸಿ ಬಿಸಿ ಮಾಡಿ, ಆಮೇಲೆ ತೆರೆಯುತ್ತಿದ್ದರು. ಈಗ ವಾಚನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಕ್ಕಿ ಡಬ್ಬಿ ಬೇಡ, ಹಿಟ್ಟು ಸಂದಿಗೆ ಸೇರುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ.

ಎಲ್ಲರಿಗೂ ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಾವು ರೇಡಿಯಂ ಎನ್ನುತ್ತೇವೆ. ಚಿಕ್ಕಪ್ಪನ ವಾಚಿನಲ್ಲಿರುವುದು ರೇಡಿಯಂ ಅಲ್ಲ, ಭಯ ಬೇಡ. ಆದರೆ 1950ರ ದಶಕದ, ಅದಕ್ಕೂ ಹಿಂದಿನ ಕೆಲವು ವಾಚುಗಳಲ್ಲಿ ನಿಜವಾದ ರೇಡಿಯಂ ಇದೆ. ಹೊಳಪು ಸತ್ತಿರುತ್ತದೆ, ವಿಕಿರಣ ಸತ್ತಿರುವುದಿಲ್ಲ. ಅದು ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಅಂಥದ್ದನ್ನು ಮನೆಯಲ್ಲಿ ತೆರೆಯಬೇಡಿ, ಕೆರೆಯಬೇಡಿ. ಆಮೇಲೆ ಬಂದ ಟ್ರಿಟಿಯಂ ಬೇಗ ಸೋಲುತ್ತದೆ, ಸುಮಾರು ಹನ್ನೆರಡು ವರ್ಷಕ್ಕೆ ಅರ್ಧ. ಸ್ವಿಸ್ ಡಯಲ್‌ನ ಕೆಳಗೆ ಸಣ್ಣ ಟಿ ಅಕ್ಷರ ಕಂಡರೆ ಅದು ಟ್ರಿಟಿಯಂ.

ಸಾಗರದ ನಿವೃತ್ತ ಮೇಷ್ಟ್ರು

ನೇತ್ರಾಣಿಯವರ ಉತ್ತರ ಮೂರು ಸಲ ಓದಿದೆ. ಬಳೆಯ ವಿಷಯ ಗೊತ್ತಿರಲಿಲ್ಲ, ಇಷ್ಟು ದಿನ ಅದನ್ನು ಶೋಕಿ ಎಂದುಕೊಂಡಿದ್ದೆ. ತೋಟದಮನೆಯವರೇ, ಏನು ಮಾಡಿದಿರಿ ಎಂದು ತಪ್ಪದೆ ತಿಳಿಸಿ.

ತೋಟದಮನೆ, ತೀರ್ಥಹಳ್ಳಿ (ಡಿಸೆಂಬರ್)

ತಡವಾಯಿತು, ಕ್ಷಮಿಸಿ. ಮಳೆ ಪೂರ್ತಿ ಬಿಡಲಿ ಎಂದು ಕಾದೆ. ಆಮೇಲೆ ಕೊಯ್ಲು ಶುರುವಾಯಿತು. ಕಳೆದ ವಾರ ಭದ್ರಾವತಿಗೆ ಒಯ್ದು ರಿಪೇರಿ ಮನೆಯ ಅಕ್ಕನ ಎದುರೇ ಕುಳಿತು ಬೆನ್ನು ತೆಗೆಸಿದೆ.

ರಬ್ಬರ್ ಉಂಗುರ ತಾರಿನಂತೆ ಕರಗಿ ತೋಡಿಗೆ ಅಂಟಿತ್ತು. ಅಕ್ಕ ಅದನ್ನು ಬಿದಿರಿನ ಕಡ್ಡಿಯಲ್ಲಿ ಒಂದೊಂದೇ ಚೂರಾಗಿ ಎಬ್ಬಿಸಿದರು, ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಯಂತ್ರಕ್ಕೆ ತುಕ್ಕಿಲ್ಲ. ಒಂದು ಚಕ್ರದ ಮೊಳೆ ಮಾತ್ರ ಸವೆದಿತ್ತು, ಹಳೆಯ ಇನ್ನೊಂದು 6309ರಿಂದ ತೆಗೆದು ಹಾಕಿದರು. ಎಲ್ಲ ಬಿಚ್ಚಿ ತೊಳೆದು ಎಣ್ಣೆ ಹಾಕಿದ್ದಾರೆ. ಉಂಗುರಗಳು ಹೊಸವು. ಕಪ್ಪು ಅಂಚಿನ ಪುಡಿಯನ್ನು ಬಿದ್ದಷ್ಟು ಮಾತ್ರ ಒರೆಸಿ, ಉಳಿದದ್ದು ಉದುರದಂತೆ ಹಿಡಿಸಿದ್ದಾರೆ. ಅದು ಬಿಟ್ಟರೆ ಡಯಲ್, ಮುಳ್ಳು, ಬಳೆ, ಕೇಸ್ ಯಾವುದನ್ನೂ ಮುಟ್ಟಿಲ್ಲ. ಈಗ ದಿನಕ್ಕೆ ಹದಿನೈದು ಸೆಕೆಂಡು ಮುಂದೆ ಹೋಗುತ್ತಿದೆ. ನಲವತ್ತು ದಾಟಿದ ಯಂತ್ರಕ್ಕೆ ಅದು ಒಳ್ಳೆಯ ನಡಿಗೆ ಎಂದರು.

ಬೆನ್ನಿನ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಎರಡು ಸಾಲುಗಳಿದ್ದವು. ರಿಪೇರಿ ಮಾಡಿದವರು ಹಾಗೆ ದಿನಾಂಕ ಹಾಕಿಡುತ್ತಾರಂತೆ. ಒಂದು 1989ರ ಮೇ, ಇನ್ನೊಂದು 1997ರ ಮೇ. ಎರಡೂ ಮಳೆ ಹಿಡಿಯುವ ಮುಂಚಿನ ತಿಂಗಳು. ಚಿಕ್ಕಪ್ಪ ಸುಮ್ಮನೆ ಕಟ್ಟಿಕೊಂಡು ತಿರುಗಿದರು ಎಂದು ನಾನು ತಿಳಿದಿದ್ದೆ. ಅವರು ಲೆಕ್ಕವಿಟ್ಟು, ಮಳೆಗೆ ಮೊದಲು ಬಸ್ಸು ಹತ್ತಿ ಪೇಟೆಗೆ ಒಯ್ದು, ಉಂಗುರ ಬದಲಿಸಿಕೊಂಡು ಬರುತ್ತಿದ್ದರು. ಆ ಗೀರುಗಳನ್ನು ನೋಡಿದಾಗ ನನಗೆ ಮಾತು ಹೊರಡಲಿಲ್ಲ. ಅಕ್ಕ ಅವುಗಳ ಕೆಳಗೆ ಈ ತಿಂಗಳನ್ನು ಬರೆದು ಮುಚ್ಚಿದರು.

ನಿನ್ನೆ ರಾತ್ರಿ ಮಗಳನ್ನು ಕರೆದು ಕಂಬಳಿ ಹೊದ್ದು ಟಾರ್ಚ್ ಹಿಡಿದು ಆರಿಸಿದೆ. ಚುಕ್ಕೆಗಳು ಹೊಳೆಯಲಿಲ್ಲ. ಆ ಲೇಪದ ಆಯುಸ್ಸು ಮುಗಿದಿದೆ ಎಂದು ಅಕ್ಕ ಮೊದಲೇ ಹೇಳಿದ್ದರು. "ಏನೂ ಕಾಣುವುದಿಲ್ಲ ಅಪ್ಪ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳುತ್ತದೆ" ಎಂದು ವಾಚನ್ನು ಕಿವಿಗೆ ಒತ್ತಿಕೊಂಡಳು. ನಿದ್ದೆ ಬರುವವರೆಗೂ ಕೊಡಲಿಲ್ಲ.

ಬೆಳಗಿನ ಜಾವ ಅವಳ ಕೈಯಿಂದ ಬಿಡಿಸಿಕೊಂಡು ಕಟ್ಟಿಕೊಂಡೆ. ಮೊದಲ ಹಂಡೆಗೆ ಅಡಿಕೆ ಸುರಿದಾಗ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ತಂದು ನಿಲ್ಲಿಸಿದ್ದೇನೆ. ಇದನ್ನು ಹಂಡೆಯ ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ, ಇಪ್ಪತ್ತೆರಡು ನಿಮಿಷವಾಗಿದೆ.